ಉತ್ತರ ಥಾಯ್ಲೆಂಡ್‌ನ ಎರಡು ಬಟ್ಟಲು, ದಾರಿಯಲ್ಲಿ ಸಿಕ್ಕ ಇನ್ನೆರಡು

ಚಿಯಾಂಗ್ ಮಾಯ್‌ಗೆ ಹೋಗಿ ಬಂದವರನ್ನು ಅಲ್ಲಿ ಏನು ತಿಂದಿರಿ ಎಂದು ಕೇಳಿ ನೋಡಿ, ಬಹುತೇಕ ಎಲ್ಲರೂ ಕಾಯಿಹಾಲಿನ ಸಾರಿನ ನೂಡಲ್ಸ್ ಆದ ಖಾವ್ ಸೋಯ್ ಎನ್ನುತ್ತಾರೆ. ತಪ್ಪೇನಿಲ್ಲ. ಆದರೆ ಅದೇ ಬೀದಿಯಲ್ಲಿ, ಎಷ್ಟೋ ಸಲ ಅದೇ ಅಂಗಡಿಯ ಪಕ್ಕದ ಪಾತ್ರೆಯಲ್ಲಿ ಕುದಿಯುತ್ತಿರುವ, ಟೊಮ್ಯಾಟೊ ಹಾಕಿದ ಕೆಂಪು ನೂಡಲ್ಸ್ ಸಾರು ನಾಮ್ ಙಿಯಾವ್‌ನ ಹೆಸರನ್ನು ಯಾರೂ ಎತ್ತುವುದಿಲ್ಲ. ಇವೆರಡನ್ನೂ ನಾನು ಬೇರೆ ಬೇರೆ ಗಾಡಿಗಳಲ್ಲಿ, ಬೇರೆ ಬೇರೆ ಹೊತ್ತಿನಲ್ಲಿ ತಿಂದು ನೋಡಿದ್ದೇನೆ. ಬ್ಯಾಂಕಾಕ್‌ನಿಂದ ಉತ್ತರಕ್ಕೆ ಹೋಗುವ ದಾರಿಯಲ್ಲಿ ದೋಣಿ ನೂಡಲ್ಸ್ ಮತ್ತು ಸುಖೋಥಾಯ್ ನೂಡಲ್ಸ್ ಕೂಡ ಸಿಕ್ಕವು. ನಾಲ್ಕನ್ನೂ ತೂಗಲು ಇಟ್ಟುಕೊಂಡ ಪ್ರಶ್ನೆ ಒಂದೇ: ಬಟ್ಟಲಿನ ರುಚಿಯನ್ನು ಪೂರ್ತಿ ಮಾಡುವವರು ಯಾರು, ಮಾರುವವರೋ ತಿನ್ನುವವರೋ?

ಥಾಯ್ಲೆಂಡ್‌ನಲ್ಲಿ ಇದು ಸುಮ್ಮನೆ ಹುಟ್ಟುವ ಪ್ರಶ್ನೆಯಲ್ಲ. ನೂಡಲ್ಸ್ ಅಂಗಡಿಯ ಮೇಜಿನ ಮೇಲೆ ಸಾಮಾನ್ಯವಾಗಿ ನಾಲ್ಕು ಡಬ್ಬಿಗಳಿರುತ್ತವೆ: ಮೀನಿನ ಸಾಸ್, ಸಕ್ಕರೆ, ಒಣಮೆಣಸಿನ ಪುಡಿ, ಮೆಣಸಿನಕಾಯಿ ನೆನೆಹಾಕಿದ ವಿನೆಗರ್. ಜನ ಮೊದಲು ಒಂದು ಚಮಚ ಸಾರು ಕುಡಿದು ನೋಡುತ್ತಾರೆ, ಆಮೇಲೆ ತಮಗೆ ಬೇಕಾದುದನ್ನು ಸುರಿದುಕೊಳ್ಳುತ್ತಾರೆ. ಬಡಿಸಿದ ಸಾರಿಗೆ ಉಪ್ಪು ಕೇಳಿದರೆ ಅಡುಗೆ ಮಾಡಿದವರ ಮುಖ ಗಂಟಾಗುವ ಮನೆಯಲ್ಲಿ ಬೆಳೆದ ನನಗೆ ಈ ಸ್ವಾತಂತ್ರ್ಯ ಅಭ್ಯಾಸವಾಗಲು ಸ್ವಲ್ಪ ಕಾಲ ಹಿಡಿಯಿತು.

ಖಾವ್ ಸೋಯ್‌ನ ವಿಷಯದಲ್ಲಿ ಉತ್ತರ ಸ್ಪಷ್ಟ. ಅರ್ಧ ಕೆಲಸ ತಿನ್ನುವವರದ್ದು. ಬಟ್ಟಲಿನಲ್ಲಿ ಮೊಟ್ಟೆ ಬೆರೆಸಿ ಮಾಡಿದ ಚಪ್ಪಟೆ ನೂಡಲ್ಸ್, ಕಾಯಿಹಾಲು ಮತ್ತು ಅರೆದ ಮಸಾಲೆಯ ಕಿತ್ತಳೆ ಬಣ್ಣದ ಸಾರು, ಮೂಳೆಯಿಂದ ತಾನೇ ಬಿಟ್ಟುಕೊಳ್ಳುವಷ್ಟು ಬೆಂದ ಕೋಳಿಕಾಲು, ಮೇಲೆ ಎಣ್ಣೆಯಲ್ಲಿ ಕರಿದ ಅದೇ ನೂಡಲ್ಸ್‌ನ ಗರಿಗರಿ ಗುಪ್ಪೆ. ಮಸಾಲೆಯಲ್ಲಿ ಅರಿಸಿನ, ಶುಂಠಿ, ಕೊತ್ತಂಬರಿ ಬೀಜದ ಜೊತೆಗೆ ಕಪ್ಪು ಏಲಕ್ಕಿಯ ಹೊಗೆಯಂಥ ವಾಸನೆ ಇರಬೇಕು. ಅದಿಲ್ಲದ ಸಾರು ಬರೀ ಕಾಯಿಹಾಲಿನ ಸಾರಾಗಿ ಉಳಿಯುತ್ತದೆ. ಪಕ್ಕದ ಪುಟ್ಟ ತಟ್ಟೆಯಲ್ಲಿ ಹುಳಿ ಬರಿಸಿದ ಸಾಸಿವೆ ಸೊಪ್ಪು, ಹಸಿ ಸಣ್ಣ ಈರುಳ್ಳಿ, ನಿಂಬೆ ಹೋಳು ಮತ್ತು ಎಣ್ಣೆಯಲ್ಲಿ ಹುರಿದ, ಕಪ್ಪಿಗೆ ತಿರುಗಿದ ಮೆಣಸಿನ ಪೇಸ್ಟ್ ಬರುತ್ತವೆ. ಪ್ರವಾಸಿಗರಲ್ಲಿ ಹಲವರು ಈ ತಟ್ಟೆಯನ್ನು ಅಲಂಕಾರವೆಂದು ತಿಳಿದು ಮುಟ್ಟದೆ ಎದ್ದುಹೋಗುವುದನ್ನು ನೋಡಿದ್ದೇನೆ. ಹಾಗೆ ತಿಂದರೆ ಮೊದಲ ಐದಾರು ತುತ್ತು ಅದ್ಭುತ, ಅಲ್ಲಿಂದ ಮುಂದೆ ಜಿಡ್ಡು ನಾಲಿಗೆಗೆ ಅಂಟಿಕೊಳ್ಳುತ್ತದೆ. ನಿಂಬೆಯನ್ನು ಪೂರ್ತಿ ಹಿಂಡಿ, ಸೊಪ್ಪು ಮತ್ತು ಈರುಳ್ಳಿಯನ್ನು ಅರ್ಧರ್ಧ ಮಾಡಿ ಎರಡು ಸಲ ಬೆರೆಸಿಕೊಂಡರೆ ಕಾಯಿಹಾಲಿನ ಭಾರ ಇಳಿದು ಸಾರು ಎದ್ದು ನಿಲ್ಲುತ್ತದೆ. ಮೆಣಸಿನ ಪೇಸ್ಟ್ ಮಾತ್ರ ಚಮಚದ ತುದಿಯಷ್ಟು ಸಾಕು. ಅದರ ಖಾರಕ್ಕಿಂತ ಸುಟ್ಟ ಕಹಿಯೇ ಮುಖ್ಯ.

ಖಾವ್ ಸೋಯ್‌ನೊಳಗೂ ಪಂಗಡಗಳಿವೆ. ಚೀನಾದ ಯುನಾನ್ ಪ್ರಾಂತ್ಯದಿಂದ ಹೇಸರಗತ್ತೆಗಳ ಸಾಲು ಕಟ್ಟಿಕೊಂಡು ಬರುತ್ತಿದ್ದ ಚೀನೀ ಮುಸ್ಲಿಂ ವ್ಯಾಪಾರಿಗಳ ಜೊತೆ ಇದು ಬಂತೆಂಬುದು ಹೆಚ್ಚಾಗಿ ಕೇಳಿಬರುವ ಕಥೆ. ಬರ್ಮಾದ ಕಾಯಿಹಾಲಿನ ನೂಡಲ್ಸ್ ಒನ್ ನೋ ಖಾವ್ ಸ್ವೇಗೂ ಇದಕ್ಕೂ ನಂಟು ಎದ್ದು ಕಾಣುತ್ತದೆ. ಚಿಯಾಂಗ್ ಮಾಯ್‌ನ ರಾತ್ರಿ ಸಂತೆಯ ಹತ್ತಿರ, ಬಾನ್ ಹೋ ಮಸೀದಿಯ ಓಣಿಯಲ್ಲಿ ಆ ಸಮುದಾಯದ ಅಂಗಡಿಗಳಿವೆ. ಶುಕ್ರವಾರ ಬೆಳಿಗ್ಗೆ ಅಲ್ಲೇ ಯುನಾನ್ ಮುಸ್ಲಿಮರ ಸಂತೆಯೂ ನೆರೆಯುತ್ತದೆ. ಅಲ್ಲಿ ಹಂದಿ ಇಲ್ಲ, ಕೋಳಿ ಅಥವಾ ದನದ ಮಾಂಸ. ನಾನು ತಿಂದ ಬಟ್ಟಲಿನಲ್ಲಿ ಕಾಯಿಹಾಲು ತೆಳುವಾಗಿತ್ತು, ಮಸಾಲೆ ಮುಂದಿತ್ತು. ಊರಿನ ಇನ್ನೊಂದು ಮಗ್ಗುಲಲ್ಲಿ, ಪಿಂಗ್ ನದಿಯಾಚೆಯ ಫಾ ಹಾಮ್ ರಸ್ತೆಯ ಕಡೆ, ಸಾರು ಗಟ್ಟಿ ಮತ್ತು ಸಿಹಿಯ ಕಡೆ ವಾಲುತ್ತದೆ. ದನದ ಮಾಂಸ ತಿನ್ನುವವರಾದರೆ ಮಸೀದಿ ಓಣಿ, ಕೋಳಿಯಾದರೆ ಫಾ ಹಾಮ್. ನನ್ನ ಆಯ್ಕೆ ಮೊದಲನೆಯದು.

ಈಗ ನಾಮ್ ಙಿಯಾವ್. ನೋಡಲು ಬಡಪಾಯಿ. ಕೆಂಪಗಿನ ನೀರುಸಾರು, ಅದರಲ್ಲಿ ಟೊಮ್ಯಾಟೊ, ಹಂದಿಯ ಎಲುಬು, ಹೆಪ್ಪುಗಟ್ಟಿದ ರಕ್ತದ ಚೌಕಾಕಾರದ ತುಂಡು. ಒಣಕಡ್ಡಿಗಳಂತೆ ತೇಲುವುದು ಕೆಂಪು ಬೂರುಗದ ಹೂವಿನ ಒಣಗಿಸಿದ ಕೇಸರಗಳು. ನಮ್ಮ ಕಾಡುಗಳಲ್ಲಿ ಬೇಸಿಗೆಗೆ ಮೊದಲು ಎಲೆಯಿಲ್ಲದ ಕೊಂಬೆಯ ತುಂಬ ಅರಳಿ ಉದುರಿಹೋಗುವ ಅದೇ ಹೂವು. ಸಾರಿನಲ್ಲಿ ಬೆಂದ ಕೇಸರಕ್ಕೆ ತನ್ನದೇ ರುಚಿ ಅಷ್ಟಾಗಿ ಇಲ್ಲ, ರಸ ಹೀರಿಕೊಂಡು ಅಣಬೆಯ ಹಾಗೆ ಹಲ್ಲಿಗೆ ಸಿಗುತ್ತದೆ. ಆಳದ ರುಚಿ ಬರುವುದು ತುವಾ ನಾವ್‌ನಿಂದ. ಸೋಯಾ ಕಾಳನ್ನು ಬೇಯಿಸಿ, ಹುಳಿ ಬರಿಸಿ, ಜಜ್ಜಿ, ಹಪ್ಪಳದಂತೆ ತಟ್ಟಿ ಒಣಗಿಸಿದ ಬಿಲ್ಲೆಯದು. ಕಡಲಿನಿಂದ ದೂರದ ಈ ಗುಡ್ಡನಾಡಿನಲ್ಲಿ ಸಿಗಡಿ ಪೇಸ್ಟಿನ ಕೆಲಸವನ್ನು ಬಹುಮಟ್ಟಿಗೆ ಇದೇ ಮಾಡುತ್ತದೆ. ಮೂಗಿಗೆ ಮೊದಲು ಒರಟು, ನಾಲಿಗೆಗೆ ಆಮೇಲೆ ಪ್ರಿಯ.

ಇದರ ನೂಡಲ್ಸ್ ಖನೋಮ್ ಚೀನ್. ಹುಳಿ ಬರಿಸಿದ ಅಕ್ಕಿಹಿಟ್ಟನ್ನು ಅಚ್ಚಿನ ತೂತುಗಳಿಂದ ಕುದಿಯುವ ನೀರಿಗೆ ಒತ್ತಿ, ತೆಗೆದು ತೊಳೆದು, ಸುರುಳಿ ಸುತ್ತಿ ಬುಟ್ಟಿಯಲ್ಲಿ ಜೋಡಿಸಿಡುತ್ತಾರೆ. ಕೊಡಗಿನಲ್ಲಿ ನೂಪುಟ್ಟಿಗೆ ಕೋಳಿ ಕರಿ ಸುರಿದುಕೊಂಡು ಬೆಳೆದ ನನ್ನ ನಾಲಿಗೆ ಇದರ ಪಕ್ಷಪಾತಿ ಎಂದು ಯಾರಾದರೂ ಆರೋಪಿಸಿದರೆ ವಾದಿಸುವುದಿಲ್ಲ. ಒಂದು ಕೊರತೆ ನಿಜವಾಗಿಯೂ ಇದೆ. ನೂಡಲ್ಸ್ ತಣ್ಣಗಿರುವುದರಿಂದ ಮೇಲೆ ಕುದಿಸಾರು ಹಾಕಿದರೂ ಬಟ್ಟಲು ಉಗುರುಬೆಚ್ಚಗೆ ಇಳಿಯುತ್ತದೆ. ಬಿಸಿ ಬಿಸಿಯಾಗಿ ಹೊಟ್ಟೆಗೆ ಇಳಿದರೆ ಮಾತ್ರ ಊಟ ಎನ್ನುವವರಿಗೆ ಖಾವ್ ಸೋಯ್ ವಾಸಿ.

ನಾಮ್ ಙಿಯಾವ್‌ಗೂ ಮೊಳಕೆಕಾಳು, ಸಾಸಿವೆ ಸೊಪ್ಪು, ಕರಿದ ಒಣಮೆಣಸು, ನಿಂಬೆ ಕೊಡುತ್ತಾರೆ, ಜೊತೆಗೆ ಬೇಕಾದರೆ ಹಂದಿಚರ್ಮದ ಗರಿಗರಿ ಸಂಡಿಗೆ. ಆದರೆ ಇವುಗಳನ್ನು ಮುಟ್ಟದಿದ್ದರೂ ಬಟ್ಟಲು ಸೋಲುವುದಿಲ್ಲ. ಟೊಮ್ಯಾಟೊ ಹುಳಿಯೂ ಸೋಯಾದ ಉಪ್ಪೂ ಒಲೆಯ ಮೇಲೇ ರಾಜಿಯಾಗಿರುತ್ತವೆ. ನನ್ನ ತೀರ್ಪು ಇಲ್ಲೇ ವಾಲಿದ್ದು. ಒಂದೇ ಸಲ ತಿನ್ನುವುದಾದರೆ ಖಾವ್ ಸೋಯ್ ಸರಿ. ಅದರಂಥದ್ದು ಬೇರೆಲ್ಲೂ ಸುಲಭಕ್ಕೆ ಸಿಗದು. ದಿನವೂ ತಿನ್ನುವುದಾದರೆ ನಾಮ್ ಙಿಯಾವ್. ಇನ್ನೂ ಉತ್ತರಕ್ಕೆ, ಚಿಯಾಂಗ್ ರಾಯ್‌ಗೆ ಹೋದರೆ ಅದರದ್ದೇ ರಾಜ್ಯಭಾರ. ಅಲ್ಲಿ ಬೆಳಗಿನ ಸಂತೆಯಲ್ಲಿ ತಿಂದದ್ದೇ ನಾಲ್ಕೂ ಬಗೆಗಳಲ್ಲಿ ನನಗೆ ಅತ್ಯುತ್ತಮ. ಇನ್ನೊಂದು ಕುತೂಹಲ: ಗಡಿ ದಾಟಿ ಲಾವೋಸ್‌ನ ಲುವಾಂಗ್ ಪ್ರಬಾಂಗ್‌ನಲ್ಲಿ ಖಾವ್ ಸೋಯ್ ಎಂದು ಕೇಳಿದರೆ ಬರುವುದು ಕಾಯಿಹಾಲಿಲ್ಲದ, ಅಕ್ಕಿ ನೂಡಲ್ಸ್‌ನ ಮೇಲೆ ಹಂದಿಮಾಂಸ, ಟೊಮ್ಯಾಟೊ, ಹುಳಿಬಂದ ಸೋಯಾದ ಗೊಜ್ಜು ಹಾಕಿದ ಬಟ್ಟಲು. ಹೆಸರು ಒಬ್ಬರದ್ದು, ರುಚಿ ಇನ್ನೊಬ್ಬರದ್ದು.

ದೋಣಿ ನೂಡಲ್ಸ್‌ನಲ್ಲಿ ತಿನ್ನುವವರಿಗೆ ಹೆಚ್ಚು ಕೆಲಸವಿಲ್ಲ. ಬ್ಯಾಂಕಾಕ್ ಮತ್ತು ಸುತ್ತಲಿನ ಕಾಲುವೆಗಳಲ್ಲಿ ಒಬ್ಬರೇ ಹುಟ್ಟು ಹಾಕಿ, ಸಾರು ಕುದಿಸಿ, ಬಡಿಸಿ, ಬಟ್ಟಲು ತೊಳೆಯುತ್ತಿದ್ದ ಕಾಲದ ತಿಂಡಿ ಇದು. ಅಲುಗಾಡುವ ದೋಣಿಯಿಂದ ದಡಕ್ಕೆ ಚೆಲ್ಲದಂತೆ ದಾಟಿಸಬೇಕಾದ್ದರಿಂದ ಬಟ್ಟಲು ಸಣ್ಣದಾಯಿತು ಎನ್ನುತ್ತಾರೆ. ಈಗ ಬ್ಯಾಂಕಾಕ್‌ನ ವಿಜಯ ಸ್ಮಾರಕದ ಬಳಿ ದಡದ ಮೇಲಿನ ಅಂಗಡಿಗಳಲ್ಲೇ ಸಿಗುತ್ತದೆ. ಚೆಕ್ಕೆ, ಚಕ್ರಮೊಗ್ಗು, ಕಪ್ಪು ಸೋಯಾ ಸಾಸ್ ಬೆರೆತ ಕಪ್ಪುಸಾರಿಗೆ ಹಂದಿಯ ಅಥವಾ ದನದ ರಕ್ತ ಬೆರೆಸಿ ದಪ್ಪಗೊಳಿಸುತ್ತಾರೆ, ಕಾಮಕಸ್ತೂರಿ ಜಾತಿಯ ಎಲೆ ಹಾಕುತ್ತಾರೆ. ಮೂರು ತುತ್ತಿಗೆ ಬಟ್ಟಲು ಖಾಲಿ. ಪಕ್ಕದ ಮೇಜಿನಲ್ಲಿ ವಿದ್ಯಾರ್ಥಿಗಳು ಖಾಲಿ ಬಟ್ಟಲುಗಳ ಗೋಪುರ ಕಟ್ಟುತ್ತಿದ್ದರು. ಮೊದಲ ಬಟ್ಟಲಿನ ಗಾಢತೆಗೆ ಸಾಟಿಯಿಲ್ಲ, ಆದರೆ ನಾಲ್ಕನೆಯದು ಬಂದಾಗ ನನಗೆ ಉಪ್ಪು ಮಾತ್ರ ಗೊತ್ತಾಗುತ್ತಿತ್ತು.

ಸುಖೋಥಾಯ್‌ನದ್ದು ಇದಕ್ಕೆ ತದ್ವಿರುದ್ಧ, ಹಗುರ. ತೆಳು ಅಕ್ಕಿ ನೂಡಲ್ಸ್, ಓರೆಯಾಗಿ ಹೆಚ್ಚಿದ ಉದ್ದ ಅಲಸಂದೆಕಾಯಿ, ಕುಟ್ಟಿದ ಕಡಲೆಕಾಯಿ, ನಿಂಬೆರಸ, ತಾಳೆಬೆಲ್ಲ. ರುಚಿಯನ್ನು ಅಂಗಡಿಯವರೇ ಮುಗಿಸಿಕೊಡುತ್ತಾರೆ, ಆದರೆ ಸಿಹಿಯ ಅಳತೆ ಅವರದ್ದು. ನನಗೆ ಒಂದು ಗುಲಗಂಜಿ ಹೆಚ್ಚೇ ಆಯಿತು. ಹಳೆಯ ರಾಜಧಾನಿಯ ಅವಶೇಷಗಳ ನಡುವೆ ಬಿಸಿಲಲ್ಲಿ ಸೈಕಲ್ ತುಳಿದು ಬಂದವರಿಗೆ ಮಾತ್ರ ಇದಕ್ಕಿಂತ ಹಿತವಾದುದು ಇಲ್ಲ.

ಬೆಲೆಯ ಮಾತಿನಲ್ಲಿ ದೊಡ್ಡ ಅಂತರವಿಲ್ಲ. ಬೀದಿಯ ಸಾಧಾರಣ ಅಂಗಡಿಯಲ್ಲಿ ಉತ್ತರದ ಎರಡೂ 50ರಿಂದ 80 ಬಾತ್‌ನೊಳಗೆ ಮುಗಿಯುತ್ತವೆ. ದೋಣಿ ನೂಡಲ್ಸ್‌ನ ಪುಟ್ಟ ಬಟ್ಟಲು ಒಂದೊಂದಾಗಿ ಅಗ್ಗ, ಕೂಡಿಸಿದರೆ ಅಲ್ಲೇ ಬಂದು ನಿಲ್ಲುತ್ತದೆ. ಖಾವ್ ಸೋಯ್‌ಗೆ ಹೆಸರಾದ ಅಂಗಡಿಗಳಲ್ಲಿ ಹಲವು ಮಧ್ಯಾಹ್ನದ ಹೊತ್ತಿಗೆ ಪಾತ್ರೆ ಕವುಚಿಡುತ್ತವೆ, ರಾತ್ರಿಯ ಊಟಕ್ಕೆ ನಂಬಿಕೊಂಡು ಕೂರಬೇಡಿ. ರಕ್ತ ಬೇಡದವರು ‘ಮಾಯ್ ಸಾಯ್ ಲುಅತ್’ ಎಂದರೆ ಸಾಕು, ಬೇಸರಿಸದೆ ಬಿಟ್ಟು ಕೊಡುತ್ತಾರೆ.

ಸಸ್ಯಾಹಾರಿಗಳಿಗೆ ಈ ಸ್ಪರ್ಧೆಯಲ್ಲಿ ಉಳಿಯುವುದು ಒಂದೇ. ಮೀನಿನ ಸಾಸ್ ಎಲ್ಲಿ ಸೇರಿದೆ ಎಂಬುದು ಕಣ್ಣಿಗೆ ಕಾಣುವುದಿಲ್ಲ, ಆದ್ದರಿಂದ ಮಾಂಸ ಹಾಕಬೇಡಿ ಎಂದರೆ ಸಾಲದು. ಹಳದಿ ಹಿನ್ನೆಲೆಯಲ್ಲಿ ಕೆಂಪಕ್ಷರದ ‘ಜೇ’ (ಕಟ್ಟುನಿಟ್ಟಿನ ಸಸ್ಯಾಹಾರ) ಫಲಕ ಇರುವ ಅಂಗಡಿ ಹುಡುಕಬೇಕು. ಅಲ್ಲಿ ಮಾಂಸ, ಮೀನು, ಮೊಟ್ಟೆ, ಹಾಲಿನ ಜೊತೆಗೆ ಬೆಳ್ಳುಳ್ಳಿ, ಈರುಳ್ಳಿಯನ್ನೂ ಬಿಡುತ್ತಾರೆ. ನನ್ನ ಜೊತೆಗಿದ್ದ ಗೆಳತಿ ಚಿಯಾಂಗ್ ಮಾಯ್‌ನ ಅಂಥದೊಂದು ಅಂಗಡಿಯಲ್ಲಿ ತೋಫು, ಅಣಬೆ ಹಾಕಿದ ಖಾವ್ ಸೋಯ್ ತಿಂದಳು. ನಾನೂ ರುಚಿ ನೋಡಿದೆ. ಕಾಯಿಹಾಲು ಮತ್ತು ಮಸಾಲೆಯೇ ಭಾರ ಹೊರುವುದರಿಂದ ಕೋಳಿಯ ಕೊರತೆ ಅಷ್ಟಾಗಿ ಕಾಡಲಿಲ್ಲ. ಎಲುಬು, ರಕ್ತ ತೆಗೆದ ನಾಮ್ ಙಿಯಾವ್ ಮಾತ್ರ ಅಲ್ಲಿದ್ದರೂ ಕೇಳಬೇಡಿ, ಅದು ಟೊಮ್ಯಾಟೊ ತಿಳಿಸಾರು.