ಪಿರಮಿಡ್ ನೋಡಲು ಗೈಡ್ ಬೇಕಾ? ಬಸ್ ಟೂರ್, ಖಾಸಗಿ ಕಾರು, ಸ್ವಂತ ತಿರುಗಾಟ

ಕೈರೋದಲ್ಲಿ ಯಾವ ಹೋಟೆಲಿಗೆ ಹೋದರೂ ರೂಮಿನ ಕೀ ಕೈಗೆ ಬರುವ ಮೊದಲೇ ಪಿರಮಿಡ್ ಟೂರಿನ ಮಾತು ತೆಗೆಯುತ್ತಾರೆ. ಹೋಗಿಬರಲು ಮುಖ್ಯವಾಗಿ ಮೂರು ದಾರಿ. ದೊಡ್ಡ ಬಸ್ಸಿನಲ್ಲಿ ಗುಂಪಿನ ಜೊತೆ ಹೋಗುವುದು. ಕಾರು, ಡ್ರೈವರ್, ಗೈಡ್ ಮೂರನ್ನೂ ನಮಗೇ ಅಂತ ಗೊತ್ತು ಮಾಡಿಕೊಳ್ಳುವುದು. ಇಲ್ಲಾಂದ್ರೆ ಊಬರ್ ಹಿಡಿದು ನಾವೇ ಹೋಗುವುದು. ನಾನೂ ನನ್ನ ಹೆಂಡತಿಯೂ ಒಂದೇ ಪ್ರವಾಸದಲ್ಲಿ ಮೂರನ್ನೂ ಮಾಡಿ ನೋಡಿದೆವು. ಹೆಚ್ಚಿನವರು ಮೂರು ದೊಡ್ಡ ಪಿರಮಿಡ್ ಇರುವ ಗೀಜಾಕ್ಕೆ ಗೈಡ್ ಇಟ್ಟುಕೊಂಡು, ಟೈಮ್ ಉಳಿದರೆ ಹಳೆಯ ಸಮಾಧಿಗಳಿರುವ ಸಕ್ಕಾರಾಗೆ ಸುಮ್ನೆ ಒಂದು ಸುತ್ತು ಹೋಗಿ ಬರುತ್ತಾರೆ. ನನ್ನನ್ನು ಕೇಳಿದರೆ ಇದು ಪೂರ್ತಿ ಉಲ್ಟಾ ಆಗಬೇಕು.

ಮೊದಲು ಬಸ್ ಟೂರಿನ ಕಥೆ. ದುಡ್ಡು ಕಡಿಮೆ, ಹೋಟೆಲಿಗೇ ಬಂದು ಕರೆದುಕೊಂಡು ಹೋಗುತ್ತಾರೆ, ಟಿಕೆಟ್ ಸಾಲಿನ ತಲೆನೋವು ಇಲ್ಲ. ಒಂಟೆಯವರು, ಕುದುರೆ ಗಾಡಿಯವರು ಗುಂಪಿನ ಹತ್ತಿರ ಜಾಸ್ತಿ ಸುಳಿಯುವುದಿಲ್ಲ. ಗೈಡ್ ಅರಬ್ಬಿಯಲ್ಲಿ ಒಂದು ಮಾತು ಹೇಳಿದರೆ ಸಾಕು, ದೂರ ಸರಿಯುತ್ತಾರೆ. ಇಷ್ಟು ಲಾಭ ಇದೆ, ಇಲ್ಲ ಅನ್ನುವುದಿಲ್ಲ.

ಆದರೆ ದಿನದ ಹೊತ್ತೆಲ್ಲ ಎಲ್ಲಿ ಹೋಗುತ್ತದೆ ನೋಡಿ. ಖುಫು ರಾಜನ ದೊಡ್ಡ ಪಿರಮಿಡ್ ಎದುರು ನಿಲ್ಲಿಸಿ ಗೈಡ್ ಪಾಠ ಒಪ್ಪಿಸಿದರು: ಮೂಲ ಎತ್ತರ 146 ಮೀಟರ್, ಈಗ ಸುಮಾರು 138, ಸುಮಾರು 23 ಲಕ್ಷ ಕಲ್ಲು. ಆಮೇಲೆ ಮೂರೂ ಪಿರಮಿಡ್ ಒಟ್ಟಿಗೆ ಕಾಣುವ ಜಾಗದಲ್ಲಿ ಫೋಟೋ. ಸ್ಫಿಂಕ್ಸ್ ಹತ್ತಿರ ಇಪ್ಪತ್ತು ನಿಮಿಷ. ಅಲ್ಲಿಂದ ಪಪೈರಸ್ ಅಂಗಡಿ, ಅತ್ತರಿನ ಅಂಗಡಿ. ಪಪೈರಸ್ ದಂಟನ್ನು ಸೀಳಿ, ನೆನೆಸಿ, ಅಡ್ಡಡ್ಡ ಉದ್ದುದ್ದ ಜೋಡಿಸಿ ಒತ್ತಿ ಹಾಳೆ ಮಾಡುವುದನ್ನು ತೋರಿಸುತ್ತಾರೆ. ಅದು ನೋಡುವಂಥದ್ದೇ, ಹತ್ತು ನಿಮಿಷದ ಮಟ್ಟಿಗೆ. ಆಮೇಲೆ ಶುರುವಾಗುವುದು ವ್ಯಾಪಾರ. ಅತ್ತರಿನ ಅಂಗಡಿಯಲ್ಲಿ ಚಹಾ ಕೊಟ್ಟು ಕೂರಿಸಿಕೊಂಡರೆ ಏಳುವುದು ಕಷ್ಟ. ಗೈಡಿಗೆ ಕಮಿಷನ್ ಇರುತ್ತದೆ, ಅಲ್ಲಿ ಅದೇನೂ ಗುಟ್ಟಲ್ಲ. ಊಟಕ್ಕೆ ಕೊಫ್ತಾ, ಕಬಾಬ್. ಸಸ್ಯಾಹಾರಿಗಳಾದ ನಮ್ಮ ಪಾಲಿಗೆ ಬಂದದ್ದು ಅನ್ನ, ಸೌತೆಕಾಯಿ, ಒಂದಿಷ್ಟು ಎಳ್ಳಿನ ತಹೀನಾ.

ಇನ್ನೊಂದು ವಿಷಯ. ಮೊದಲೆಲ್ಲ ಬಸ್ಸು ಒಂದೊಂದು ಪಿರಮಿಡ್ ಬುಡಕ್ಕೇ ಹೋಗುತ್ತಿತ್ತು. 2025ರಿಂದ ಗೀಜಾದ ವ್ಯವಸ್ಥೆ ಬದಲಾಗಿದೆ. ಫಯೂಮ್ ರಸ್ತೆ ಕಡೆ ದೊಡ್ಡ ಹೊಸ ಗೇಟು ಆಗಿದೆ. ಅಲ್ಲಿ ಇಳಿದು ಎಲ್ಲರೂ ಒಳಗಿನ ಎಲೆಕ್ಟ್ರಿಕ್ ಶಟಲ್ ಬಸ್ಸನ್ನೇ ಹತ್ತಬೇಕು. ಅಲ್ಲಿಗೆ ಬಸ್ ಟೂರಿನ ದೊಡ್ಡ ಅನುಕೂಲವೇ ಹೋಯಿತು, ಅಲ್ವಾ?

ಹಾಗಾಗಿ ಗೀಜಾಕ್ಕೆ ಇನ್ನೊಂದು ದಿನ ನಾವಿಬ್ಬರೇ ಹೋದೆವು. ಗೇಟು ತೆರೆಯುವ ಹೊತ್ತಿಗೆ ತಲುಪಿದರೆ ಮೊದಲ ಎರಡು ಗಂಟೆ ಜನ ಕಡಿಮೆ, ಬಿಸಿಲೂ ಕಡಿಮೆ. ಕೌಂಟರಿನಲ್ಲಿ ನಗದು ತೆಗೆದುಕೊಳ್ಳುವುದಿಲ್ಲ, ಕಾರ್ಡ್ ಬೇಕು. ಗೇಟಿಗೆ ಸ್ವಲ್ಪ ಮುಂಚೆ ರಸ್ತೆಗೆ ಅಡ್ಡ ಬಂದು ‘ಈ ದಾರಿ ಬಂದ್, ಟಿಕೆಟ್ ಈ ಕಡೆ’ ಅನ್ನುವವರು ಸಿಗುತ್ತಾರೆ. ಕಾರು ನಿಲ್ಲಿಸಬೇಡಿ. ಒಳಗೆ ‘ಇಂಡಿಯಾ? ಅಮಿತಾಬ್ ಬಚ್ಚನ್!’ ಅಂತ ಕೂಗಿಕೊಂಡು ಹಿಂದೆ ಬೀಳುತ್ತಾರೆ. ನಕ್ಕು ‘ಲಾ, ಶುಕ್ರನ್’ (ಬೇಡ, ಥ್ಯಾಂಕ್ಸ್) ಅಂದು ನಡೆಯುತ್ತಿರಬೇಕು, ನಿಲ್ಲಬಾರದು. ಒಂಟೆ ಹತ್ತಿಸುವಾಗ ಹೇಳುವ ರೇಟು ಬೇರೆ, ಇಳಿಸುವಾಗ ಕೇಳುವ ರೇಟು ಬೇರೆ.

ಗೀಜಾದಲ್ಲಿ ಗೈಡ್ ಯಾಕೆ ಬೇಡ ಅಂದರೆ, ಅಲ್ಲಿ ಓದಿ ಹೇಳುವಂಥದ್ದು ಬಹಳ ಕಡಿಮೆ. ಖುಫು ಪಿರಮಿಡ್ ಒಳಗೆ ಹೋಗಲು ಬೇರೆ ಟಿಕೆಟ್. ಸೊಂಟ ಬಗ್ಗಿಸಿ ಇಕ್ಕಟ್ಟಿನ ಏರು ಹತ್ತಿದರೆ ಒಮ್ಮೆಲೇ ಮಹಾ ಗ್ಯಾಲರಿ ತೆರೆದುಕೊಳ್ಳುತ್ತದೆ. 47 ಮೀಟರ್ ಉದ್ದ, ಎಂಟೂವರೆ ಮೀಟರ್ ಎತ್ತರ. ಎರಡೂ ಕಡೆಯ ಗೋಡೆಯ ಕಲ್ಲುಗಳು ಮೇಲೆ ಹೋದಂತೆ ಒಂದೊಂದು ವರಸೆ ಮುಂದಕ್ಕೆ ಚಾಚಿ ಚಾಚಿ ತುದಿಯಲ್ಲಿ ಹತ್ತಿರ ಹತ್ತಿರ ಬರುತ್ತವೆ. ಅದರ ಮೇಲಿನ ರಾಜನ ಕೋಣೆಯಲ್ಲಿ ಇರುವುದು ಮುಚ್ಚಳವಿಲ್ಲದ ಗ್ರಾನೈಟ್ ಪೆಟ್ಟಿಗೆ ಒಂದೇ. ಕಣ್ಣಿಗೆ ಕಾಣುವ ಗೋಡೆಯಲ್ಲಿ ಒಂದಕ್ಷರ ಇಲ್ಲ, ಒಂದು ಚಿತ್ರ ಇಲ್ಲ. ಆ ಗ್ರಾನೈಟ್ ಬಂದದ್ದು ಸುಮಾರು 800 ಕಿ.ಮೀ. ದೂರದ ಅಸ್ವಾನಿನಿಂದ ಅಂತ ಗೊತ್ತಿದ್ದರೆ ಸಾಕು. ಉಳಿದದ್ದನ್ನು ಸುಮ್ಮನೆ ನಿಂತು ನೋಡಬೇಕು.

ಸ್ವಂತ ಹೋದರೆ ಸಿಗುವ ಇನ್ನೊಂದು ಸುಖ ಮೆಂಕೌರೆ ರಾಜನ ಸಣ್ಣ ಪಿರಮಿಡ್. ಗುಂಪುಗಳು ಅಲ್ಲಿಯವರೆಗೆ ಬರುವುದೇ ಕಡಿಮೆ. ಅದರ ಉತ್ತರ ಮುಖದಲ್ಲಿ ಉದ್ದಕ್ಕೆ ಸೀಳಿದಂಥ ದೊಡ್ಡ ಗಾಯ ಇದೆ. ಸುಲ್ತಾನ ಸಲಾದಿನ್‌ನ ಮಗ ಅಲ್ ಅಜೀಜ್ 1196ರಲ್ಲಿ ಪಿರಮಿಡ್‌ಗಳನ್ನು ಒಡೆಸಲು ಹೊರಟಿದ್ದ. ಎಂಟು ತಿಂಗಳು ಕೂಲಿಯವರನ್ನು ಹಚ್ಚಿದ. ಆದದ್ದು ಆ ಗಾಯ ಅಷ್ಟೇ. ಕೆಡವುವುದಕ್ಕೂ ಕಟ್ಟುವಷ್ಟೇ ಖರ್ಚು ಅಂತ ಗೊತ್ತಾಗಿ ಬಿಟ್ಟಿರಬೇಕು ಪಾಪ! ಅದರ ನೆರಳಲ್ಲಿ ಕೂತು ಮನೆಯಿಂದ ತಂದ ಚಕ್ಕುಲಿ ತಿಂದೆವು. ಯಾರೂ ಗಡಿಯಾರ ನೋಡಿ ಕರೆಯಲಿಲ್ಲ. ಮಧ್ಯಾಹ್ನ ಹತ್ತಿರದ ಗ್ರ್ಯಾಂಡ್ ಈಜಿಪ್ಶಿಯನ್ ಮ್ಯೂಸಿಯಂಗೆ ಹೋದರೆ ಏಸಿಯೂ ಸಿಗುತ್ತದೆ, ತೂತಾಂಖಾಮನ್ ಸಮಾಧಿಯ ಸಾಮಾನೂ ಸಿಗುತ್ತದೆ.

ಈಗ ಖಾಸಗಿ ಕಾರು. ಇದನ್ನು ಸಕ್ಕಾರಾ ಮತ್ತು ಅದರಾಚೆ ಇನ್ನಷ್ಟು ಪಿರಮಿಡ್ ಇರುವ ದಹಶೂರಿಗೆ ಇಟ್ಟುಕೊಳ್ಳಿ. ನಮ್ಮ ಗೈಡ್ ಈಜಿಪ್ಟಿನ ಪುರಾತನ ಇತಿಹಾಸವನ್ನೇ ಓದಿದ ಹೆಣ್ಣುಮಗಳು. ಹೊರಡುವಾಗಲೇ ‘ಅಂಗಡಿ ಬೇಡ’ ಅಂತ ಹೇಳಿಬಿಟ್ಟೆವು. ಹೇಳದಿದ್ದರೆ ಸಕ್ಕಾರಾ ದಾರಿಯಲ್ಲಿ ಕಾರ್ಪೆಟ್ ಮಾರುವ ‘ಶಾಲೆ’ಗಳು ತಪ್ಪುವುದಿಲ್ಲ, ಕಾರು ಖಾಸಗಿಯಾದರೂ ಅಷ್ಟೇ.

ಸಕ್ಕಾರಾದಲ್ಲಿ ಗೈಡ್ ಇಲ್ಲದೆ ತಿರುಗುವುದು ಬೇಲೂರಿನ ಗೋಡೆಯನ್ನು ಬಸ್ಸಿನ ಕಿಟಕಿಯಿಂದ ನೋಡಿದ ಹಾಗೆ. ಮೆರೆರುಕ ಎಂಬ ಮಂತ್ರಿಯ ಸಮಾಧಿ ಒಂದು ಸಾಕು ಉದಾಹರಣೆಗೆ. ತೇತಿ ಎಂಬ ರಾಜನ ಅಳಿಯ ಈತ. ಮೂವತ್ತಕ್ಕಿಂತ ಜಾಸ್ತಿ ಕೋಣೆ, ಗೋಡೆ ತುಂಬಾ ಉಬ್ಬುಚಿತ್ರ. ನಾವು ಸುಮ್ಮನೆ ದಾಟಿ ಹೋಗುತ್ತಿದ್ದ ಒಂದು ಮೂಲೆಯಲ್ಲಿ ಆಕೆ ನಿಲ್ಲಿಸಿದರು. ಕತ್ತೆಕಿರುಬವನ್ನು ಅಂಗಾತ ಮಲಗಿಸಿ, ಕಾಲು ಕಟ್ಟಿ, ಬಾಯಿಗೆ ಆಹಾರ ತುರುಕುತ್ತಿದ್ದಾರೆ! ಇನ್ನೊಂದು ಕಡೆ ಹಳ್ಳಿಯ ಮುಖ್ಯಸ್ಥರನ್ನು ತೆರಿಗೆ ಲೆಕ್ಕ ಒಪ್ಪಿಸಲು ಎಳೆದು ತಂದಿದ್ದಾರೆ. ಪಕ್ಕದಲ್ಲಿ ಗುಮಾಸ್ತರು ಕೂತು ಬರೆಯುತ್ತಿದ್ದಾರೆ. ಕೆಲವರಿಗೆ ಏಟೂ ಬೀಳುತ್ತಿದೆ. ನಾಲ್ಕು ಸಾವಿರ ವರ್ಷದ ಹಿಂದಿನ ತಾಲ್ಲೂಕು ಕಚೇರಿ ಅನ್ನಿ.

ಪಕ್ಕದಲ್ಲೇ ತೇತಿಯ ಪಿರಮಿಡ್. ಹೊರಗಿನಿಂದ ಬರೀ ಕಲ್ಲುಮಣ್ಣಿನ ಗುಡ್ಡೆ, ಫೋಟೋ ತೆಗೆಯಲೂ ಮನಸ್ಸಾಗುವುದಿಲ್ಲ. ಬಗ್ಗಿಕೊಂಡು ಒಳಗಿಳಿದರೆ ಚಾವಣಿ ತುಂಬಾ ನಕ್ಷತ್ರ, ಗೋಡೆಯಲ್ಲಿ ಸಾಲು ಸಾಲು ಅಕ್ಷರ. ಸತ್ತ ರಾಜ ಆಕಾಶಕ್ಕೆ ಏರಲಿ ಅಂತ ಕೆತ್ತಿದ ಮಂತ್ರಗಳಿವು. ಖುಫುವಿನ ಖಾಲಿ ಕೋಣೆಗೆ ಇದು ಪೂರ್ತಿ ವಿರುದ್ಧ. ಒಳಗೆ ಗೈಡ್ ಬರಲಿಲ್ಲ, ಹೊರಗೇ ಫೋನಿನಲ್ಲಿ ಚಿತ್ರ ತೋರಿಸಿ ಯಾವ ಗೋಡೆಯಲ್ಲಿ ಏನು ಹುಡುಕಬೇಕು ಅಂತ ಹೇಳಿ ಕಳಿಸಿದರು.

ವಾಸ್ತುಶಿಲ್ಪಿ ಇಮ್ಹೋಟೆಪ್ ಕಟ್ಟಿದ, ಜೋಸರ್ ರಾಜನ ಆರು ಮೆಟ್ಟಿಲಿನ ಪಿರಮಿಡ್ ನೋಡಿಕೊಂಡು ದಹಶೂರಿಗೆ ಹೋದರೆ ಕಥೆ ಮುಂದುವರಿಯುತ್ತದೆ. ಅಲ್ಲಿ ಖುಫುವಿನ ಅಪ್ಪ ಸ್ನೆಫ್ರು ಕಟ್ಟಿಸಿದ ಎರಡು ಪಿರಮಿಡ್ ಇವೆ. ಮೊದಲನೆಯದರ ಇಳಿಜಾರು ಕೆಳಗೆ ಸುಮಾರು 54 ಡಿಗ್ರಿ. ಅರ್ಧ ಕಟ್ಟುವಾಗ ಬಿರುಕು ಬಿಟ್ಟಿತೋ ಏನೋ, ಮೇಲೆ 43ಕ್ಕೆ ಇಳಿಸಿದ್ದಾರೆ. ಅದಕ್ಕೇ ಸೊಟ್ಟಗೆ ಕಾಣುತ್ತದೆ. ಎರಡನೆಯದು ಕೆಂಪು ಪಿರಮಿಡ್, ಇದನ್ನು ಬುಡದಿಂದಲೇ 43 ಡಿಗ್ರಿಯಲ್ಲಿ ಎಬ್ಬಿಸಿದರು. ಇಷ್ಟು ಕಲಿತ ಮೇಲೆ ಮಗ ಗೀಜಾದಲ್ಲಿ ಕಟ್ಟಿಸಿದ್ದು. ಈ ಸಾಲನ್ನು ಕಣ್ಣಾರೆ ನೋಡಿಕೊಂಡು ಗೀಜಾಕ್ಕೆ ಹೋದರೆ ಅದು ಬೇರೆಯೇ ಕಾಣುತ್ತದೆ.

ಕೆಂಪು ಪಿರಮಿಡ್ ಒಳಗೆ ಹೋಗಲು ಬೇರೆ ಟಿಕೆಟ್ ಇಲ್ಲ. ಅರವತ್ತು ಮೀಟರಿಗಿಂತ ಉದ್ದದ ಇಳಿಜಾರು, ಬಗ್ಗಿಕೊಂಡೇ ಇಳಿಯಬೇಕು. ಒಳಗೆ ಮೂಗಿಗೆ ಬಡಿಯುವ ಅಮೋನಿಯಾ ವಾಸನೆ. ಆದರೆ ಇಡೀ ಕೋಣೆಯಲ್ಲಿ ನಾವಿಬ್ಬರೇ. ಮಂಡಿ ನೋವಿನವರು ಹೋಗಬೇಡಿ, ತೊಡೆ ಎರಡು ದಿನ ಮಾತಾಡುತ್ತದೆ. ಹಳೆಯ ರಾಜಧಾನಿ ಮೆಂಫಿಸ್‌ನಲ್ಲಿ ಮಲಗಿರುವ ರಾಮ್ಸೆಸ್ ರಾಜನ ವಿಗ್ರಹ ಚೆನ್ನಾಗಿದೆ, ಆದರೆ ಅದೊಂದಕ್ಕಾಗಿ ಸುತ್ತು ಹಾಕುವ ಅಗತ್ಯ ಇಲ್ಲ. ಊಟಕ್ಕೆ ಡ್ರೈವರ್ ರಸ್ತೆ ಬದಿಯ ಅಂಗಡಿಗೆ ಕರೆದುಕೊಂಡು ಹೋದ. ವಡೆಯಂಥ ಬಿಸಿ ತಾಮಿಯಾ, ಬೇಯಿಸಿದ ಅವರೆಯಂಥ ಫೂಲ್, ಬಲದಿ ರೊಟ್ಟಿ. ಬಸ್ ಟೂರಿನ ಊಟ ಇದರ ಹತ್ತಿರವೂ ಬರುವುದಿಲ್ಲ.

ದಹಶೂರಿಗೆ ಊಬರಿನಲ್ಲಿ ಹೋಗಬಹುದು. ವಾಪಸ್ ಬರಲು ಗಾಡಿ ಸಿಗುವುದು ಕಷ್ಟ. ಖಾಸಗಿ ಕಾರು ದುಬಾರಿ ಅನ್ನಿಸಿದರೆ ನಾಲ್ಕು ಜನ ಸೇರಿ, ಆಗ ತಲೆಗೆ ಬೀಳುವುದು ಬಸ್ಸಿಗಿಂತ ಅಂಥಾ ಜಾಸ್ತಿ ಏನಲ್ಲ. ಹೇಳಿದ ದರದಲ್ಲಿ ಪ್ರವೇಶದ ಟಿಕೆಟ್ ಸೇರಿದೆಯಾ ಅಂತ ಮೊದಲೇ ಬಾಯಿಬಿಟ್ಟು ಕೇಳಿ. ವಯಸ್ಸಾದ ಅಪ್ಪ ಅಮ್ಮನ ಜೊತೆ ಹೋಗುವವರು, ಚೌಕಾಸಿ ಅಂದರೆ ಬೆವರುವವರು ಗೀಜಾಕ್ಕೆ ಬಸ್ಸಿನಲ್ಲೇ ಹೋಗಲಿ, ತಪ್ಪಿಲ್ಲ. ಎರಡು ದಿನ ಇದ್ದರೆ ಮೊದಲ ದಿನ ಗೈಡ್ ಜೊತೆ ಸಕ್ಕಾರಾ, ದಹಶೂರ್. ಮಾರನೇ ದಿನ ನೀವೇ ಗೀಜಾಕ್ಕೆ. ಒಂದೇ ದಿನ ಅಂದರೆ ಖಾಸಗಿ ಕಾರು ಮಾಡಿ, ಬೆಳಿಗ್ಗೆ ಸಕ್ಕಾರಾ, ಮಧ್ಯಾಹ್ನ ಗೀಜಾ. ಮೆಂಫಿಸ್ ಬಿಡಿ, ಅತ್ತರಂತೂ ಖಂಡಿತ ಬಿಡಿ.