ಸೆಲ್ ಮುಚ್ಚಳದ ಒಳಗಿನ ಸ್ವಿಚ್ ನೋಡದೆ ಸ್ಕ್ಯಾನರನ್ನು ಚಾರ್ಜಿಗೆ ಹಾಕಬೇಡಿ

ನಿಮ್ಮ ಮನೆಯಲ್ಲಿ ಕೈಯಲ್ಲಿ ಹಿಡಿಯುವ ರೇಡಿಯೊ ಸ್ಕ್ಯಾನರ್ (ಹಲವು ಆವರ್ತನಗಳನ್ನು ಒಂದೊಂದಾಗಿ ತಡಕಿ ಆಲಿಸುವ ರೇಡಿಯೊ) ಇದ್ದರೆ, ಇದನ್ನು ಓದುವ ಮೊದಲು ಎದ್ದು ಹೋಗಿ ಅದರ ಬೆನ್ನಿನ ಮುಚ್ಚಳ ತೆಗೆಯಿರಿ. ಸೆಲ್‌ಗಳನ್ನು ಹೊರಗೆ ತೆಗೆದು, ಅವು ಕೂರುವ ಗುಳಿಯಲ್ಲಿ ಅಕ್ಕಿಕಾಳಿನಷ್ಟು ದೊಡ್ಡ ಸ್ವಿಚ್ ಇದೆಯೇ ನೋಡಿ. ಸೆಲ್ಲಿಗೆ ಚಾರ್ಜ್ ಕೊಡಬೇಕೋ ಬೇಡವೋ ಎಂದು ಯಂತ್ರಕ್ಕೆ ಹೇಳುವುದು ಅದೇ. ಇದ್ದರೆ ಅದು ಯಾವ ಕಡೆಗೆ ಸರಿದಿದೆ, ನೀವು ಹಾಕಿರುವ ಸೆಲ್ ಯಾವ ಜಾತಿಯದು, ಎರಡೂ ಹೊಂದುತ್ತವೆಯೇ ಎಂದು ಖಚಿತ ಮಾಡಿಕೊಂಡು ಬನ್ನಿ. ನಾನು ಅದನ್ನು ನೋಡಿರಲಿಲ್ಲ. ಒಂಬತ್ತನೆಯ ತರಗತಿಯಲ್ಲಿ ಓದುತ್ತಿದ್ದ ನನ್ನ ಮಗಳ ಬಲಗಣ್ಣಿಗೆ ಅದರಿಂದ ಆಪತ್ತು ಬಂತು.

ನಾವಿರುವುದು ಬಳ್ಳಾರಿಯ ಕೌಲ್ ಬಜಾರಿನಲ್ಲಿ. ನಾನು ಹವ್ಯಾಸಿ ರೇಡಿಯೊ, ಅಂದರೆ ಹ್ಯಾಮ್ ರೇಡಿಯೊ, ಪರವಾನಗಿ ಪಡೆದವನು. ಸ್ಕ್ಯಾನರನ್ನು ನನ್ನಂತೆಯೇ ಪರವಾನಗಿ ಇದ್ದ ಹಿರಿಯರೊಬ್ಬರಿಂದ ಕೊಂಡಿದ್ದೆ. ಎರಡು ಪೆನ್ಸಿಲ್ ಸೆಲ್ಲಿನ ಪುಟ್ಟ ಯಂತ್ರ. ಹತ್ತು ಬ್ಯಾಂಕುಗಳಲ್ಲಿ, ಅಂದರೆ ನೆನಪಿನ ಗುಂಪುಗಳಲ್ಲಿ, 500 ಚಾನೆಲ್‌ಗಳನ್ನು ತುಂಬಿಸಿಡಬಹುದು. ಅವರು ಯಂತ್ರ ಕೊಟ್ಟರು, ಯು.ಎಸ್.ಬಿ. ತಂತಿ ಕೊಟ್ಟರು. ಕೈಪಿಡಿ ಎಲ್ಲೋ ಕಳೆದುಹೋಗಿತ್ತು. ಅದನ್ನು ಹುಡುಕಿ ತರಿಸಿಕೊಳ್ಳಬೇಕೆಂದು ನನಗೆ ಅನಿಸಲಿಲ್ಲ. ಚಾನೆಲ್ ತುಂಬಿಸುವುದು, ಬರೀ ಗೊರಗೊರ ಸದ್ದನ್ನು ತಡೆಯುವ ಸ್ಕ್ವೆಲ್ಚ್ ತಿರುಗಿಸುವುದು ಗೊತ್ತಿದ್ದವನಿಗೆ ಕೈಪಿಡಿ ಯಾಕೆ ಎಂದುಕೊಂಡೆ. ಈ ಕಥೆಯ ಮೊದಲ ತಪ್ಪು ಇದೇ.

ಅವರು ಬಳಸುತ್ತಿದ್ದದ್ದು ನಿಕಲ್ ಮೆಟಲ್ ಹೈಡ್ರೈಡ್ ಸೆಲ್‌ಗಳನ್ನು, ಅಂದರೆ ಮತ್ತೆ ಮತ್ತೆ ಚಾರ್ಜ್ ಮಾಡುವಂಥವನ್ನು. ಹಾಗಾಗಿ ಒಳಗಿನ ಸ್ವಿಚ್ ಚಾರ್ಜ್ ಮಾಡುವ ಕಡೆಗೇ ಇತ್ತು. ಒಂದು ವರ್ಷ ನನಗೆ ಯಾವ ತೊಂದರೆಯೂ ಆಗಲಿಲ್ಲ. ಏಪ್ರಿಲಿನಲ್ಲಿ ಆ ಸೆಲ್‌ಗಳು ಸೊರಗಿದವು, ಅರ್ಧ ಗಂಟೆಯೂ ನಿಲ್ಲುತ್ತಿರಲಿಲ್ಲ. ಅಂಗಡಿಯಿಂದ ಎರಡು ಆಲ್ಕಲೈನ್ ಸೆಲ್ ತಂದು ಹಾಕಿದೆ. ಸಾಮಾನ್ಯವಾಗಿ ಎಲ್ಲರ ಮನೆಯ ಗೋಡೆ ಗಡಿಯಾರದಲ್ಲಿ, ಟಿವಿ ರಿಮೋಟಿನಲ್ಲಿ ಇರುವ ಒಮ್ಮೆ ಬಳಸಿ ಎಸೆಯುವ ಸೆಲ್‌ಗಳ ಸಾಲಿಗೇ ಅವೂ ಸೇರುತ್ತವೆ. ಅಳತೆ ಒಂದೇ, ಆಕಾರ ಒಂದೇ. ರೀಚಾರ್ಜ್ ಸೆಲ್ 1.2 ವೋಲ್ಟ್, ಆಲ್ಕಲೈನ್ 1.5 ವೋಲ್ಟ್. ಎರಡರಲ್ಲೂ ಯಂತ್ರ ನಡೆಯುತ್ತದೆ, ಅದೇ ಮೋಸ. ಮೇ ತಿಂಗಳಿಡೀ ಯಂತ್ರ ನಮ್ಮ ತಗಡಿನ ಮಾಳಿಗೆ ಕೋಣೆಯಲ್ಲಿ ಸೆಲ್ ಸಮೇತ ಬಿದ್ದಿತ್ತು. ಬಳ್ಳಾರಿಯ ಮೇ ಎಂದರೆ ನಾನು ವಿವರಿಸಬೇಕಾಗಿಲ್ಲ. ಆ ಕೋಣೆಯಲ್ಲಿ ಮಧ್ಯಾಹ್ನ ಯಂತ್ರದ ಪರದೆಯೇ ಕಪ್ಪಗಾಗಿ ಅಂಕಿ ಕಾಣುತ್ತಿರಲಿಲ್ಲ.

2025 ರ ಜೂನ್ 25 ರಂದು ಭಾರತದ ಗಗನಯಾತ್ರಿ ಶುಭಾಂಶು ಶುಕ್ಲಾ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣಕ್ಕೆ ಹೊರಟರು. ಜುಲೈ 4 ರ ಮಧ್ಯಾಹ್ನ ಬೆಂಗಳೂರಿನ ಯು.ಆರ್. ರಾವ್ ಉಪಗ್ರಹ ಕೇಂದ್ರದಲ್ಲಿ ಸೇರುವ ಶಾಲಾ ಮಕ್ಕಳೊಂದಿಗೆ ಅವರು ಹ್ಯಾಮ್ ರೇಡಿಯೊದಲ್ಲಿ ಮಾತನಾಡುತ್ತಾರೆ ಎಂಬ ಸುದ್ದಿ ಬಂದಾಗ ಮಗಳು ಕುಣಿದಾಡಿಬಿಟ್ಟಳು. ನಿಲ್ದಾಣ ನೆಲದಿಂದ ಸುಮಾರು 400 ಕಿಲೋಮೀಟರ್ ಎತ್ತರದಲ್ಲಿ ಹಾಯುತ್ತದೆ. ಅಷ್ಟು ಎತ್ತರದಿಂದ ನೋಡಿದರೆ ಬಳ್ಳಾರಿ, ಬೆಂಗಳೂರು ಅಕ್ಕಪಕ್ಕದ ಮನೆಗಳು. ನಿಲ್ದಾಣದ ಧ್ವನಿ ಕೆಳಗಿಳಿಯುವುದು 145.800 ಮೆಗಾಹರ್ಟ್ಸ್‌ನಲ್ಲಿ, ದೊಡ್ಡ ಆಂಟೆನಾ ಬೇಕಿಲ್ಲ, ಕೈಯಲ್ಲಿನ ಸ್ಕ್ಯಾನರ್ ಸಾಕು. ಮಾಳಿಗೆ ಹತ್ತಿ, ಕೋಟೆ ಗುಡ್ಡ ಅಡ್ಡ ಬಾರದ ಕಡೆ ನಿಂತರೆ ಹತ್ತು ನಿಮಿಷದೊಳಗಿನ ಆ ಹಾಯುವಿಕೆಯಲ್ಲಿ ಏನಾದರೂ ಕೇಳಿಸೀತು ಎಂಬ ಆಸೆ ನಮ್ಮಿಬ್ಬರದು.

ಹಿಂದಿನ ರಾತ್ರಿ ಇಬ್ಬರೂ ಕೂತು ಚಾನೆಲ್ ತುಂಬಿಸಿದೆವು. ನಿಲ್ದಾಣ ನಮ್ಮತ್ತ ಬರುವಾಗ ಆವರ್ತನ ಮೂರು ಚಿಲ್ಲರೆ ಕಿಲೋಹರ್ಟ್ಸ್ ಏರುತ್ತದೆ, ದಾಟಿ ಹೋಗುವಾಗ ಅಷ್ಟೇ ಇಳಿಯುತ್ತದೆ. ರೈಲು ಹತ್ತಿರ ಬರುವಾಗ ಶಿಳ್ಳೆಯ ಶ್ರುತಿ ಏರಿದಂತೆ ಕೇಳಿಸುವುದಿಲ್ಲವೇ, ಅದೇ ಕಾರಣ. ಅದಕ್ಕಾಗಿ 145.805, 145.800, 145.795 ಎಂದು ಮೂರು ಚಾನೆಲ್‌ಗಳನ್ನು ಬೇರೆಯದೇ ಬ್ಯಾಂಕಿನಲ್ಲಿ ಸಾಲಾಗಿ ಇಟ್ಟೆವು. ಕೆಲಸ ಮುಗಿದಾಗ ಸೆಲ್ ಗುರುತು ಅರ್ಧಕ್ಕಿಂತ ಕೆಳಗಿತ್ತು. ಮೊದಲಿನ ವರ್ಷದ ರೂಢಿಯಂತೆ ತಂತಿ ಚುಚ್ಚಿ, ಮೊಬೈಲ್ ಚಾರ್ಜರಿಗೆ ಸಿಕ್ಕಿಸಿ ಮಲಗಿದೆ. ಒಳಗಿರುವುದು ಆಲ್ಕಲೈನ್ ಎಂಬುದು ನೆನಪಿಗೇ ಬರಲಿಲ್ಲ.

ಆ ರಾತ್ರಿ ಒಳಗೆ ಏನಾಯಿತೆಂದರೆ: ಸ್ವಿಚ್ ಚಾರ್ಜ್ ಕಡೆಗಿದ್ದುದರಿಂದ ಯಂತ್ರ ಸೆಲ್ಲಿಗೆ ವಿದ್ಯುತ್ತನ್ನು ತಳ್ಳತೊಡಗಿತು. ಹಾಕಿದ ಸೆಲ್ ಯಾವುದೆಂದು ಅದಕ್ಕೆ ತಿಳಿಯುವುದಿಲ್ಲ, ಸ್ವಿಚ್ ಹೇಳಿದ್ದನ್ನು ನಂಬುತ್ತದೆ. ನನ್ನ ಯಂತ್ರ ಸೆಲ್ ತುಂಬಿತೇ ಎಂದು ಅಳೆದು ನಿಲ್ಲಿಸುವಂಥದ್ದೂ ಅಲ್ಲ, ಗಂಟೆ ಎಣಿಸಿ ನಿಲ್ಲಿಸುವಂಥದ್ದು. ಆಲ್ಕಲೈನ್ ಸೆಲ್ಲಿಗೆ ಹೀಗೆ ಬಲವಂತವಾಗಿ ಚಾರ್ಜ್ ಕೊಟ್ಟರೆ ಒಳಗೆ ಅನಿಲ ಹುಟ್ಟುತ್ತದೆ, ಒತ್ತಡ ಏರುತ್ತದೆ, ತಳದ ಬಿರಡೆ ಬಿಟ್ಟುಕೊಳ್ಳುತ್ತದೆ. ಹೊರಗೆ ಬರುವುದು ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಎಂಬ ಉಗ್ರ ಕ್ಷಾರ. ಜನ ಇದನ್ನು ಬ್ಯಾಟರಿ ಆ್ಯಸಿಡ್ ಎನ್ನುತ್ತಾರೆ. ಆ್ಯಸಿಡ್ ಅಲ್ಲ, ಅದಕ್ಕೆ ತೀರಾ ವಿರುದ್ಧವಾದದ್ದು, ಕಣ್ಣಿನ ಪಾಲಿಗೆ ಅದಕ್ಕಿಂತಲೂ ಕೆಟ್ಟದ್ದು.

ಬೆಳಿಗ್ಗೆ ನನಗಿಂತ ಮೊದಲು ಎದ್ದವಳು ಮಗಳು. ಯಂತ್ರ ಕೈಗೆತ್ತಿಕೊಂಡಿದ್ದಾಳೆ, ಬೆನ್ನಿನ ಕಡೆ ಜಾರಿದೆ, ಸಾಬೂನು ತಾಗಿದಂತೆ. ಮುಚ್ಚಳ ತೆಗೆದು ಬೆರಳಿನಿಂದ ಒರೆಸಿದ್ದಾಳೆ. ನಿದ್ದೆಗಣ್ಣನ್ನು ಅದೇ ಬೆರಳಿನಿಂದ ಉಜ್ಜಿಕೊಂಡಿದ್ದಾಳೆ. ನಾನು ಎದ್ದದ್ದು ಅವಳ ಕೂಗಿಗೆ.

ಮುಂದಿನದನ್ನು ಮಾತ್ರ ದಯವಿಟ್ಟು ನೆನಪಿಟ್ಟುಕೊಳ್ಳಿ. ಪಕ್ಕದ ಮನೆಯ ಅಜ್ಜಿ ಹರಳೆಣ್ಣೆ ಹಿಡಿದು ಓಡಿ ಬಂದರು, ಎರಡು ಹನಿ ಬಿಡು ತಂಪಾಗುತ್ತದೆ ಎಂದರು. ಇನ್ನೊಬ್ಬರು, ಕ್ಷಾರಕ್ಕೆ ನಿಂಬೆಹಣ್ಣೇ ಮದ್ದು ಎಂದರು. ಎರಡನ್ನೂ ಮಾಡಬಾರದು. ಕಾರ್ಖಾನೆಯ ಸುರಕ್ಷತಾ ತರಬೇತಿಯಲ್ಲಿ ಕಲಿತದ್ದೊಂದು ಆ ಹೊತ್ತಿಗೆ ನೆನಪಾಯಿತು: ನೀರು, ಬರೀ ನೀರು, ತುಂಬಾ ಹೊತ್ತು. ನಲ್ಲಿಯ ಕೆಳಗೆ ಅವಳ ತಲೆ ಓರೆ ಮಾಡಿ, ರೆಪ್ಪೆಗಳನ್ನು ಬೆರಳಿನಿಂದ ಬಿಡಿಸಿ ಹಿಡಿದು, ಕೆಟ್ಟ ಕಣ್ಣಿನ ನೀರು ಒಳ್ಳೆಯ ಕಣ್ಣಿಗೆ ಹರಿಯದಂತೆ ಇಪ್ಪತ್ತು ನಿಮಿಷ ತೊಳೆದೆವು. ಅವಳು ಸಾಕು ಸಾಕು ಎಂದು ಅಳುತ್ತಿದ್ದಳು. ನಾನು ಬಿಡಲಿಲ್ಲ. ಹೆಂಡತಿ ಗಡಿಯಾರ ನೋಡುತ್ತಾ ನಿಂತಿದ್ದಳು. ನಲ್ಲಿ ನಿಂತಾಗ ಕೊಡದ ನೀರು ಸುರಿದೆವು.

ಆಸ್ಪತ್ರೆಯಲ್ಲಿ ವೈದ್ಯೆ ಮೊದಲು ಕಾಗದದ ಪಟ್ಟಿಯೊಂದನ್ನು ಕಣ್ಣಿನ ಅಂಚಿಗೆ ತಾಗಿಸಿ ಕ್ಷಾರ ಉಳಿದಿದೆಯೇ ನೋಡಿದರು, ಮತ್ತೆ ತೊಳೆದರು, ಮತ್ತೆ ಪಟ್ಟಿ ತಾಗಿಸಿದರು. ಬಣ್ಣದ ಹನಿ ಹಾಕಿ ನೀಲಿ ಬೆಳಕಿನಲ್ಲಿ ನೋಡಿದಾಗ ಕರಿಗುಡ್ಡೆಯ ಮೇಲ್ಪದರದ ಅಂಚಿನಲ್ಲಿ ಗಾಯ ಕಂಡಿತು. ಆ್ಯಸಿಡ್ ಮೇಲಿನ ಪದರವನ್ನು ಹೆಪ್ಪುಗಟ್ಟಿಸಿ ಅಲ್ಲೇ ತಡೆದುಕೊಳ್ಳುವುದುಂಟು, ಕ್ಷಾರ ಕರಗಿಸುತ್ತಾ ಒಳಗಿಳಿಯುತ್ತದೆ ಎಂದು ಅವರು ವಿವರಿಸಿದರು. ಮನೆಯಲ್ಲೇ ತೊಳೆದು ಬಂದದ್ದರಿಂದ ಕಣ್ಣು ಉಳಿಯಿತು ಎಂದರು. ವಾರಗಟ್ಟಲೆ ಹನಿ ಔಷಧ, ಕಪ್ಪು ಕನ್ನಡಕ, ಮೂರು ಬಾರಿ ಮರುತಪಾಸಣೆ. ಈಗ ಅವಳ ದೃಷ್ಟಿ ಮೊದಲಿನಂತಿದೆ. ಅಂದು ಮಧ್ಯಾಹ್ನ 3 ಗಂಟೆ 47 ನಿಮಿಷಕ್ಕೆ, ಕಾರ್ಯಕ್ರಮದ ಹೊತ್ತಿಗೆ, ಅವಳು ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಮಲಗಿದ್ದಳು. ಗಡಿಯಾರದ ಕಡೆ ನಾನು ನೋಡಿದೆ, ಅವಳೂ ತಿರುಗಿ ನೋಡಿದಳು. ಇಬ್ಬರೂ ಮಾತನಾಡಲಿಲ್ಲ.

ಯಂತ್ರದ ವಿಷಯಕ್ಕೆ ಬರುತ್ತೇನೆ. ಕೈಗವಸು, ಕನ್ನಡಕ ಹಾಕಿಕೊಂಡು ಬಿಚ್ಚಿದೆ. ಸ್ಪ್ರಿಂಗುಗಳ ಮೇಲೆ ಬಿಳಿ ಉಪ್ಪಿನಂಥ ಹರಳು. ಕ್ಷಾರ ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿಕೊಂಡು ಹಾಗಾಗುತ್ತದೆ. ಹತ್ತಿಯ ಕಡ್ಡಿಗೆ ವಿನೆಗರ್ ಅದ್ದಿ ಲೋಹದ ಭಾಗವನ್ನಷ್ಟೇ ಒರೆಸಿದೆ, ಆಮೇಲೆ ಐಸೋಪ್ರೊಪೈಲ್ ಆಲ್ಕೋಹಾಲ್‌ನಿಂದ ತೊಳೆದು ಒಂದು ದಿನ ಒಣಗಿಸಿದೆ. ಆದರೆ ದ್ರವ ತಂತಿಗುಂಟ ಹರಿದು ಮಂಡಲದ ಹಲಗೆಯ (ಸರ್ಕ್ಯೂಟ್ ಬೋರ್ಡಿನ) ತನಕ ಹೋಗಿತ್ತು. ತಾಮ್ರದ ಗೆರೆಗಳು ಹಸಿರಾಗಿದ್ದವು. ಪರದೆಯ ಬೆಳಕು ಬಂತು, ಧ್ವನಿ ಬರಲಿಲ್ಲ. ಈ ಬಗೆಯ ಯಂತ್ರಗಳಲ್ಲಿ ಸೆಲ್ ತೆಗೆದರೂ ಚಾನೆಲ್ ಅಳಿಯುವುದಿಲ್ಲ ಎಂಬ ಧೈರ್ಯದಲ್ಲಿ ನಾನು ಕಂಪ್ಯೂಟರಿನಲ್ಲಿ ಪ್ರತಿ ಇಟ್ಟಿರಲಿಲ್ಲ. ಹಲಗೆಯೇ ಸತ್ತಮೇಲೆ ಒಂದು ವರ್ಷ ಕೂಡಿಸಿದ್ದೆಲ್ಲ ಹೋಯಿತು.

ಬಿಚ್ಚಿದಾಗ ಇನ್ನೊಂದು ಕಂಡಿತು. ಸ್ಪೀಕರಿನ ಅಯಸ್ಕಾಂತದ ಸುತ್ತ ಕರಿಯ ಪುಡಿ ಮೀಸೆಯಂತೆ ನಿಂತಿತ್ತು. ತೋರಣಗಲ್ಲು, ಗಿಣಿಗೇರಾ ಕಡೆ ಓಡಾಡುವವರಿಗೆ ಇದು ಗೊತ್ತಿರಲಿ: ಸ್ಪಾಂಜ್ ಕಬ್ಬಿಣದ ಘಟಕಗಳ ದೂಳಿನಲ್ಲಿ ಕಬ್ಬಿಣವೇ ಇರುತ್ತದೆ, ಸ್ಪೀಕರ್ ಅದನ್ನು ಎಳೆದುಕೊಳ್ಳುತ್ತದೆ. ಯಂತ್ರ ಕೆಡುವ ಮೊದಲೇ ಧ್ವನಿ ಗರಗರ ಎನ್ನತೊಡಗಿದ್ದು ಅದಕ್ಕೇ ಇರಬೇಕು. ಬಾಯಿಯಿಂದ ಊದಿದರೆ ಪುಡಿ ಇನ್ನಷ್ಟು ಒಳಗೆ ಹೋಗುತ್ತದೆ. ಅಂಟುಪಟ್ಟಿ ಒತ್ತಿ ಎತ್ತಿದರೆ ಹೊರಗೆ ಬರುತ್ತದೆ. ಹೊರಗೆ ಒಯ್ಯುವಾಗ ಬಟ್ಟೆಯ ಚೀಲದಲ್ಲಿಡಿ.

ಇದನ್ನು ಓದಿ ಹೊಸದಾಗಿ ಸ್ಕ್ಯಾನರ್ ಕೊಳ್ಳಲು ಹೊರಡುವವರಿಗೆ ಒಂದು ಮಾತು. ಪರವಾನಗಿ ಇಲ್ಲದೆ ಇಂಥ ಉಪಕರಣ ಇಟ್ಟುಕೊಳ್ಳುವುದನ್ನು ನಮ್ಮ ದೇಶ 1933 ರ ಕಾಯ್ದೆಯ ಕಾಲದಿಂದಲೂ ಅಪರಾಧವೆಂದು ಎಣಿಸಿದೆ. 2023 ರ ದೂರಸಂಪರ್ಕ ಕಾಯ್ದೆಯ 42 ನೆಯ ಕಲಮಿನಂತೆ, ಪರರ ಸಂದೇಶವನ್ನು ಅಕ್ರಮವಾಗಿ ಕದ್ದಾಲಿಸಿದರೆ ಮೂರು ವರ್ಷದವರೆಗೆ ಸೆರೆ ಅಥವಾ ಎರಡು ಕೋಟಿ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಪೊಲೀಸರ ಮಾತು ಕೇಳಿಸಿ ಎಂದು ನನ್ನನ್ನು ಕೇಳಿದವರಿದ್ದಾರೆ. ನಾನು ಒಪ್ಪಿಲ್ಲ, ಒಪ್ಪುವುದೂ ಇಲ್ಲ. ಹವ್ಯಾಸಿ ಪರವಾನಗಿಯ ಪರೀಕ್ಷೆಗೆ ಹನ್ನೆರಡು ವರ್ಷ ತುಂಬಿದವರು ಯಾರೂ ಕೂರಬಹುದು, ಆ ದಾರಿ ಹಿಡಿಯಿರಿ.

ಮತ್ತೆ ಸೆಲ್ಲಿಗೆ. ಚಾನೆಲ್ ತುಂಬಿಸಲೆಂದು ಕಂಪ್ಯೂಟರಿಗೆ ತಂತಿ ಚುಚ್ಚಿದರೂ ಕೆಲವು ಯಂತ್ರಗಳು ಚಾರ್ಜ್ ಶುರು ಮಾಡುತ್ತವೆ, ಆಗಲೂ ಆಲ್ಕಲೈನ್ ಒಳಗಿರಬಾರದು. ಹಳೆಯದೊಂದು ಹೊಸದೊಂದು ಸೇರಿಸಿ ಹಾಕಬೇಡಿ, ಸೊರಗಿದ ಸೆಲ್ ಮೇಲೆ ಇನ್ನೊಂದರ ಒತ್ತಡ ಬಿದ್ದು ಅದು ಸೋರುತ್ತದೆ. ವಾರಕ್ಕಿಂತ ಹೆಚ್ಚು ಬಳಸದಿದ್ದರೆ ಹೊರಗೆ ತೆಗೆದಿಡಿ, ಬೇಸಿಗೆಯಲ್ಲಂತೂ ಕಡ್ಡಾಯವಾಗಿ. ನನ್ನ ಮಾತು ಕೇಳುವುದಾದರೆ ರೀಚಾರ್ಜ್ ಸೆಲ್‌ಗಳನ್ನೂ ಯಂತ್ರದೊಳಗೆ ಚಾರ್ಜ್ ಮಾಡಬೇಡಿ. ಪ್ರತಿ ಸೆಲ್ಲನ್ನೂ ಬೇರೆ ಬೇರೆಯಾಗಿ ಅಳೆಯುವ ಚಾರ್ಜರ್ ಸಿಗುತ್ತದೆ, ಅದರಲ್ಲಿ ಹಾಕಿ, ಒಳಗಿನ ಸ್ವಿಚ್ಚನ್ನು ಸದಾ ಆಲ್ಕಲೈನ್ ಕಡೆಗೆ ಬಿಡಿ. ಹಾಗೆ ಬಿಟ್ಟರೆ ಸೆಲ್ ಗುರುತು ಸ್ವಲ್ಪ ಬೇಗ ಖಾಲಿ ತೋರಿಸಬಹುದು, ಅಷ್ಟೇ ನಷ್ಟ.

ಈಗ ನಮ್ಮಲ್ಲಿರುವ ಎರಡನೆಯ ಯಂತ್ರಕ್ಕೆ ನಾವು ಹಾಗೆಯೇ ಮಾಡಿದ್ದೇವೆ. ಸ್ವಿಚ್ ಎಲ್ಲಿರಬೇಕೋ ಆ ಜಾಗಕ್ಕೆ ಮಗಳು ತನ್ನ ಅಮ್ಮನ ಉಗುರು ಬಣ್ಣದಿಂದ ಕೆಂಪು ಚುಕ್ಕೆ ಇಟ್ಟಿದ್ದಾಳೆ. ಮುಚ್ಚಳದ ಒಳಗೆ ಕಾಗದದ ಚೂರೊಂದನ್ನು ಅಂಟಿಸಿ, ಸೆಲ್ ಹಾಕಿದ ತಾರೀಕನ್ನು ಪ್ರತಿ ಸಲವೂ ಅವಳೇ ಬರೆಯುತ್ತಾಳೆ.