ಗೋಬರ್ ಗ್ಯಾಸ್: ಒಲೆಗಿಂತ ತೋಟಕ್ಕೇ ಜಾಸ್ತಿ ಲಾಭ

ನಮ್ಮದು ಚನ್ನಗಿರಿ ಕಡೆ. ಅಡಿಕೆ ತೋಟ ಇದೆ, ಕೊಟ್ಟಿಗೆಯಲ್ಲಿ ಎರಡು ಎಮ್ಮೆ, ಮೂರು ಹಸು. ಎರಡು ಘನ ಮೀಟರ್‌ನ ದೀನಬಂಧು ಮಾದರಿ ಗೋಬರ್ ಗ್ಯಾಸ್ ಕಟ್ಟಿಸಿ ಸುಮಾರು ವರ್ಷಗಳಾದವು. ನೆಲದೊಳಗೆ ಇಟ್ಟಿಗೆ ಗುಮ್ಮಟ ಬರುತ್ತದಲ್ಲ, ಅದೇ. ಕಟ್ಟಿಸಬೇಕು ಅಂತ ಬಂದು ನೋಡುವವರೆಲ್ಲ ಮೊದಲು ಕೇಳುವುದು, ಸಿಲಿಂಡರ್ ಉಳಿಯುತ್ತಾ ಅಂತ.

ಉಳಿಯುತ್ತದೆ, ಆದರೆ ಪೂರ್ತಿ ಅಲ್ಲ. ಒಂದು ಕೆಜಿ ಹಸಿ ಸಗಣಿಗೆ ಸುಮಾರು 40 ಲೀಟರ್ ಗ್ಯಾಸ್ ಅನ್ನುವುದು ಲೆಕ್ಕ, ಅಂದರೆ ದಿನಕ್ಕೆ ಎರಡು ಘನ ಮೀಟರ್, ಅಂದರೆ 2000 ಲೀಟರ್ ಗ್ಯಾಸ್ ಬರಬೇಕಾದರೆ 50 ಕೆಜಿ ಹಾಕಬೇಕು. ಬೇಸಿಗೆಯಲ್ಲಿ ಎರಡು ಹೊತ್ತಿನ ಅಡುಗೆ ಆಗಿ, ಹಾಲು ಕಾಯಿಸಿ, ಚಹಾಕ್ಕೂ ಉಳಿಯುತ್ತದೆ. ಡಿಸೆಂಬರ್‌ನಲ್ಲಿ ಮಾತ್ರ ರೊಟ್ಟಿ ಅರ್ಧ ಬೇಯುವಷ್ಟರಲ್ಲಿ ಉರಿ ಸಣ್ಣಗಾಗುತ್ತದೆ. ಗ್ಯಾಸ್ ಮಾಡುವ ಸೂಕ್ಷ್ಮಜೀವಿಗಳಿಗೆ 30-35 ಡಿಗ್ರಿ ಬೆಚ್ಚಗಿರಬೇಕು, ಚಳಿಗೆ ಅವು ಮಂದವಾಗುತ್ತವೆ. ಅದಕ್ಕೆ ಒಂದು ಸಿಲಿಂಡರ್ ಮನೆಯಲ್ಲಿ ಇರಲೇಬೇಕು.

ಚಳಿಯನ್ನಾದರೂ ಸಹಿಸಬಹುದು, ನನಗೆ ನಿಜವಾಗಿ ಸಿಟ್ಟು ಬಂದಿದ್ದು ಪೈಪಿನ ವಿಷಯದಲ್ಲಿ. ಗ್ಯಾಸ್ ಜೊತೆ ನೀರಿನ ಆವಿಯೂ ಬರುತ್ತದೆ, ಪೈಪ್ ತಣ್ಣಗಾದರೆ ಅದು ಒಳಗೇ ನೀರಾಗಿ ನಿಲ್ಲುತ್ತದೆ, ಆಮೇಲೆ ಒಲೆಯ ಉರಿ ಎದ್ದು ಬಿದ್ದು ಕುಣಿಯುತ್ತದೆ. ಪೈಪಿನ ತಗ್ಗಿನಲ್ಲಿ ನೀರು ಬಿಡಲು ಒಂದು ನಲ್ಲಿ ಇಟ್ಟರೆ ಮುಗಿಯುವ ಕೆಲಸ. ನಮಗೆ ಕಟ್ಟಿಕೊಟ್ಟವರು ಅದನ್ನು ಇಡಲೇ ಇಲ್ಲ. ದುಡ್ಡು ಪೂರ್ತಿ ಕೈಗೆ ಸೇರಿದ ಮೇಲೆ ಫೋನೂ ಎತ್ತಲಿಲ್ಲ. ಕೊನೆಗೆ ಊರಿನ ಪ್ಲಂಬರ್ ಕರೆಸಿ ಹಾಕಿಸಿದೆವು. ಈಗ ಆಗಾಗ ನಲ್ಲಿ ತಿರುಗಿಸಿ ನೀರು ಬಿಟ್ಟರೆ ನೀಲಿ ಉರಿ ನೆಟ್ಟಗೆ ನಿಲ್ಲುತ್ತದೆ.

ದಿನದ ಕೆಲಸದ ಬಗ್ಗೆ ಯಾರೂ ಹೇಳುವುದಿಲ್ಲ, ನಾನು ಹೇಳುತ್ತೇನೆ. ಬೆಳಿಗ್ಗೆ ಹಾಲು ಕರೆದ ಮೇಲೆ ಅತ್ತೆ ಸಗಣಿ ಬಾಚಿ ತೊಟ್ಟಿಗೆ ಹಾಕುತ್ತಾರೆ, ನಾನು ಅಷ್ಟೇ ನೀರು ಸುರಿದು ಕಲಸುತ್ತೇನೆ. ಹುಲ್ಲಿನ ಕಡ್ಡಿ, ಕಲ್ಲು ಕೈಗೆ ಸಿಕ್ಕರೆ ಆರಿಸಿ ಎಸೆಯಬೇಕು, ಇಲ್ಲದಿದ್ದರೆ ಕಡ್ಡಿಯೆಲ್ಲ ಒಳಗೆ ಮೇಲ್ಗಡೆ ತೇಲಿ ಕೆನೆಗಟ್ಟಿ ಗ್ಯಾಸ್ ಬರುವುದು ಕಡಿಮೆಯಾಗುತ್ತದೆ. ಗಂಟಿಲ್ಲದೆ ದೋಸೆ ಹಿಟ್ಟಿನ ಹದಕ್ಕೆ ಬಂದ ಮೇಲೆ ಬಿರಡೆ ತೆಗೆಯುತ್ತೇವೆ. ಗುಳುಗುಳು ಅಂತ ಒಳಗೆ ಇಳಿಯುವುದನ್ನು ನೋಡುತ್ತಾ ಅತ್ತೆ ಜೊತೆ ಎರಡು ಮಾತಾಡುವ ಆ ಹೊತ್ತು ನನಗೆ ತುಂಬಾ ಇಷ್ಟ. ಬೋರ್ ನೀರು ಕಡಿಮೆಯಾದಾಗ ಕೊಟ್ಟಿಗೆ ತೊಳೆದ ನೀರನ್ನೇ ಹಾಕುತ್ತೇವೆ. ಫಿನಾಯಿಲ್, ಸೋಪಿನ ನೀರು ಮಾತ್ರ ಒಂದು ಹನಿಯೂ ಬೇಡ, ಒಳಗಿನ ಜೀವಿಗಳು ಸಾಯುತ್ತವೆ.

ಈಗ ಬಗ್ಗಡದ ಮಾತು. ಇದಕ್ಕಾಗಿಯೇ ಇಷ್ಟೆಲ್ಲ ಬರೆಯಲು ಕೂತಿದ್ದು. ಇನ್ನೊಂದು ಕಡೆಯಿಂದ ಹೊರಗೆ ಬರುವ ಬಗ್ಗಡಕ್ಕೆ ಹಸಿ ಸಗಣಿಯ ವಾಸನೆ ಇಲ್ಲ, ನೊಣ ಮುತ್ತುವುದೂ ಕಡಿಮೆ. ತಿಪ್ಪೆಯಲ್ಲಿ ಬಿಸಿಲು ಮಳೆಗೆ ಹಾಳಾಗುವ ಸಾರ ಇಲ್ಲಿ ಗಾಳಿಯಾಡದ ಗುಮ್ಮಟದೊಳಗೆ ಉಳಿಯುತ್ತದೆ. ಒಣ ತೂಕಕ್ಕೆ ಶೇ 1.5ರಿಂದ 2ರಷ್ಟು ಸಾರಜನಕ ಇರುತ್ತದೆ, ಅದರಲ್ಲಿ ಒಂದಷ್ಟು ಬೇರಿಗೆ ಬೇಗ ಸಿಗುವ ರೂಪದಲ್ಲೇ ಇರುತ್ತದೆ. ಮೊದಲು ತಿಪ್ಪೆ ಗೊಬ್ಬರ ಕೆದಕಿದರೆ ಗೊಣ್ಣೆ ಹುಳು ಸಿಗುತ್ತಿದ್ದವು, ಗೊಬ್ಬರದ ಜೊತೆ ಕಳೆಯ ಬೀಜವೂ ತೋಟಕ್ಕೆ ಹೋಗುತ್ತಿತ್ತು. ಈಗ ಎರಡೂ ಕಡಿಮೆ.

ಇನ್ನೂ ಖುಷಿ ಅಂದರೆ ಅಡಿಕೆ ಸಿಪ್ಪೆ. ಸುಗ್ಗಿಯಲ್ಲಿ ನಮ್ಮ ಕಡೆ ರಸ್ತೆ ಬದಿ ಸಿಪ್ಪೆ ಸುರಿದು ಬೆಂಕಿ ಹಚ್ಚುತ್ತಾರೆ, ಆ ಹೊಗೆಯಲ್ಲಿ ಬೈಕ್ ಓಡಿಸುವುದೇ ಕಷ್ಟ. ನಾರು ಜಾಸ್ತಿ, ಬೇಗ ಕೊಳೆಯುವುದಿಲ್ಲ. ನಾವು ಗುಂಡಿಯಲ್ಲಿ ಒಂದು ಪದರ ಸಿಪ್ಪೆ, ಅದರ ಮೇಲೆ ಬಗ್ಗಡ, ಮತ್ತೆ ಸಿಪ್ಪೆ ಅಂತ ಹಾಕಿ ಒದ್ದೆ ಇಡುತ್ತೇವೆ. ನಿಧಾನಕ್ಕೆ ಮೆತ್ತಗಾಗಿ ಕಪ್ಪು ಗೊಬ್ಬರವಾಗುತ್ತದೆ. ಅದನ್ನು ಹಾಕಿದ ಮರಗಳ ಬುಡದಲ್ಲಿ ಈಗ ಮಣ್ಣು ಗುದ್ದಲಿಗೆ ಸಲೀಸಾಗಿ ಬರುತ್ತದೆ, ಎರೆಹುಳು ಕಾಣುತ್ತವೆ. ಅಂಗಡಿಯಿಂದ ತರುವ ಯೂರಿಯಾ ಕಡಿಮೆ ಮಾಡಿದ್ದೇವೆ. ನನ್ನ ಲೆಕ್ಕದಲ್ಲಿ ಹಾಕಿದ ದುಡ್ಡು ವಾಪಸ್ ಬರುತ್ತಿರುವುದು ಈ ದಾರಿಯಿಂದಲೇ, ಗ್ಯಾಸಿನದು ಮೇಲಿನ ಲಾಭ.

ಎರಡೇ ಹಸು ಇದ್ದರೆ ಒಂದು ಘನ ಮೀಟರ್‌ನದೇ ಸಾಕು, ಸುಮ್ನೆ ದೊಡ್ಡದು ಕಟ್ಟಿಸಬೇಡಿ. ಜಾಗ ಆರಿಸುವಾಗ ಅಡುಗೆಮನೆಗೆ ಹತ್ತಿರ ಇದೆಯಾ ಅಂತ ನೋಡುವುದರ ಜೊತೆಗೆ, ಬಗ್ಗಡ ತಾನಾಗಿ ತೋಟಕ್ಕೆ ಇಳಿದು ಹೋಗುತ್ತದಾ ಅಂತಲೂ ನೋಡಿ. ಬಗ್ಗಡದ ಗುಂಡಿಗೆ ನೆರಳು ಮಾಡಿಸಿ, ಬಿಸಿಲಿಗೆ ಬಿಟ್ಟರೆ ಸಾರಜನಕ ಗಾಳಿಗೆ ಹೋಗುತ್ತದೆ.